ಅತ್ತೆಯ ಕೈಕೆಲಸ, ಅಡುಗೆ ಪುಸ್ತಕ, ದನಿ: ಮಳೆ ಹಿಡಿಯುವ ಮುಂಚೆ ಏನೇನು ಮಾಡಬೇಕು?

ನಾಪೋಕ್ಲು ಸೊಸೆ

ಅತ್ತೆ ತೀರಿಕೊಂಡು ಮೂರು ತಿಂಗಳಾಯಿತು. ಬರುವ ಜನವರಿಯ ವರ್ಷಾಬ್ದಿಕಕ್ಕೆ ಅವರ ಬದುಕಿನ ಬಗ್ಗೆ ನೆಂಟರಿಷ್ಟರಿಗೆ ಕೊಡಲು ಒಂದು ಪುಸ್ತಕ ಆಗಬೇಕು, ಅವರು ಮಾಡಿಟ್ಟದ್ದೆಲ್ಲ ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕು ಎಂಬುದು ಮಾವನ ಆಸೆ. "ಮಮತಾಮಯಿ, ತ್ಯಾಗಮಯಿ ಅಂತ ಬರೆದು ಮುಗಿಸಬೇಡಿ. ಅವಳು ಏನು ಮಾಡ್ತಿದ್ದಳು, ಹೇಗೆ ಮಾಡ್ತಿದ್ದಳು ಅದು ಬರಲಿ" ಎಂದಿದ್ದಾರೆ.

ಮನೆಯಲ್ಲಿರುವುದು ಇಷ್ಟು: ಕ್ರೋಶದ ಮೇಜುಹಾಸು 14, ಕಸೂತಿ 6 (ಒಂದಕ್ಕೆ ಗಾಜಿನ ಚೌಕಟ್ಟು ಇದೆ, ಬಟ್ಟೆಯಲ್ಲಿ ಕಂದು ಚುಕ್ಕೆ ಬಂದಿದೆ), ರೇಷ್ಮೆ ಸೀರೆ 9, ಅಂಟುಹಾಳೆಯ ಆಲ್ಬಂ 3, ಗಾಜಿಗೆ ಅಂಟಿಕೊಂಡಿರುವ ಮದುವೆ ಫೋಟೊ, ಅವರು ಹಾಡಿರುವ ಕ್ಯಾಸೆಟ್ 11, ಹುಳು ತಿಂದಿರುವ ಅಡುಗೆ ನೋಟ್‌ಬುಕ್ ಒಂದು, ಅವರ ಮೊಬೈಲ್. ಅಂಗಳದಲ್ಲಿ ಅವರೇ ನೆಟ್ಟ ನೀಲಿ ಹೈಡ್ರೇಂಜಿಯಾ. ಮಳೆಗೆ ಇನ್ನು ಏಳೆಂಟು ವಾರವಷ್ಟೇ. ಯಾವುದಕ್ಕೆ ಮೊದಲು ಕೈ ಹಾಕಲಿ?

ಮಡಿಕೇರಿ ಕಡತ

ಹಳೆಯದನ್ನು ಮೊದಲು ಉಳಿಸಬೇಕು ಅನ್ನಿಸುತ್ತದೆ. ನಿಮ್ಮ ಪಟ್ಟಿಯಲ್ಲಿ ಮೊದಲು ಕೈತಪ್ಪುವುದು ಎಲ್ಲಕ್ಕಿಂತ ಹೊಸದು, ಆ ಮೊಬೈಲ್.

ಪ್ರೀಪೇಡ್ ಸಿಮ್ ಆಗಿದ್ದರೆ 90 ದಿನ ಬಳಕೆಯೇ ಇಲ್ಲದಿದ್ದಾಗ ನಂಬರು ರದ್ದಾಗುವ ಹಂತಕ್ಕೆ ಬರುತ್ತದೆ. ಇವತ್ತೇ ರೀಚಾರ್ಜ್ ಮಾಡಿ, ಅದರಿಂದ ಒಂದು ಕರೆ ಮಾಡಿ. ವಾಟ್ಸ್‌ಆ್ಯಪ್ ಸಾಮಾನ್ಯವಾಗಿ 120 ದಿನ ಮುಟ್ಟದ ಖಾತೆಯನ್ನು ಅಳಿಸಿಬಿಡುತ್ತದೆ, ಹಾಗಾಗಿ ಅದನ್ನೂ ತೆರೆದು ಇಂಟರ್ನೆಟ್‌ಗೆ ಜೋಡಿಸಿ. ಆಮೇಲೆ ಕೇಬಲ್ ಹಾಕಿ ಕಂಪ್ಯೂಟರಿಗೆ ಹಚ್ಚಿ. ಆಂಡ್ರಾಯ್ಡ್ ಫೋನಾದರೆ ವಾಟ್ಸ್‌ಆ್ಯಪ್‌ನ ಮೀಡಿಯಾ ಫೋಲ್ಡರಿನೊಳಗೆ ವಾಯ್ಸ್ ನೋಟ್ಸ್ ಎಂಬ ಫೋಲ್ಡರ್ ಇದೆ. ಅವರು ಕಳಿಸಿದ, ಅವರಿಗೆ ಬಂದ ದನಿ ಸಂದೇಶಗಳೆಲ್ಲ ಅದರಲ್ಲಿ ಓಪಸ್ ಕಡತಗಳಾಗಿ ಇರುತ್ತವೆ. ಇಡೀ ಫೋಲ್ಡರನ್ನು ಹಾಗೇ ನಕಲು ಮಾಡಿ. ಒಂದೊಂದಾಗಿ ಫಾರ್ವರ್ಡ್ ಮಾಡಿದರೆ ಯಾವತ್ತಿನ ಮಾತು ಎಂಬ ತಾರೀಖು ಕಳೆದುಹೋಗುತ್ತದೆ. "ಅಕ್ಕಿ ನೆನೆ ಹಾಕಿದ್ದೀಯಾ?" ಎಂಬಂಥ ಹತ್ತು ಸೆಕೆಂಡಿನ ಸಂದೇಶವನ್ನೂ ಅಳಿಸಬೇಡಿ. ಮನೆಮಾತಿನ ದನಿ ಕ್ಯಾಸೆಟ್ಟಿನ ಹಾಡಿನಲ್ಲಿ ಸಿಗುವುದಿಲ್ಲ, ಅದಿರುವುದು ಇಲ್ಲೇ. ಫೋನನ್ನು ಯಾರಿಗೂ ಬಳಸಲು ಕೊಡಬೇಡಿ, ರಿಪೇರಿಗೆ ಕೊಟ್ಟರೆ ಫಾರ್ಮ್ಯಾಟ್ ಮಾಡಕೂಡದೆಂದು ಬರೆದೇ ಕೊಡಿ.

ಅದಾದ ಮೇಲೆ ಕ್ಯಾಸೆಟ್, ಆಮೇಲೆ ಫೋಟೊ, ನೋಟ್‌ಬುಕ್. ಬಟ್ಟೆಗೆ ಅವಸರವಿಲ್ಲ, ಆದರೆ ಮಳೆಗೆ ಮುಂಚೆ ಒಣಗಿಸಿ ಕಟ್ಟಿಡಲೇಬೇಕು.

ಎಲ್ಲದಕ್ಕೂ ಮೂರು ಪ್ರತಿ ಇರಲಿ: ಕಂಪ್ಯೂಟರಿನಲ್ಲಿ ಒಂದು, ಬೇರೆ ಹಾರ್ಡ್ ಡಿಸ್ಕಿನಲ್ಲಿ ಒಂದು, ಊರ ಹೊರಗೆ ಇನ್ನೊಂದು. ಮಡಿಕೇರಿ, ಭಾಗಮಂಡಲದ ಕಡೆಯ ಥಂಡಿಯಲ್ಲಿ ಡಿಸ್ಕ್ ನೆಚ್ಚಿಕೊಳ್ಳುವಂತಿಲ್ಲ. ಕುಶಾಲನಗರದಲ್ಲೋ ಮೈಸೂರಲ್ಲೋ ಇರುವ ನೆಂಟರ ಮನೆಯಲ್ಲಿ ಒಂದನ್ನು ಇಡಿ, ಅಲ್ಲಿನ ಗಾಳಿ ಇಲ್ಲಿಗಿಂತ ಎಷ್ಟೋ ಒಣ.

ಸೋಮವಾರಪೇಟೆ ಧ್ವನಿ

ಕ್ಯಾಸೆಟ್ ಸಿಕ್ಕಿದ ಖುಷಿಯಲ್ಲಿ ಯಾವುದೋ ಹಳೆ ಟೇಪ್‌ರೆಕಾರ್ಡರಿಗೆ ಹಾಕಿ ಪ್ಲೇ ಒತ್ತಬೇಡಿ. ಮೊದಲು ಮೇಲಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಅವು ಇಲ್ಲದಿದ್ದರೆ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅತ್ತೆಯ ದನಿಯ ಮೇಲೆ ಬೇರೆ ದನಿ ಕೂರುವುದಿಲ್ಲ.

ಆಮೇಲೆ ಬೆಳಕಿಗೆ ಹಿಡಿದು ಕಿಂಡಿಯಲ್ಲಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು. ಅದನ್ನು ಪಕ್ಕಕ್ಕಿಡಿ, ಓಡಿಸಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಹತ್ತಿ ಉಳಿದ ಹತ್ತು ಕ್ಯಾಸೆಟ್ಟಿಗೂ ಹರಡುತ್ತದೆ. ಟೇಪು ಹೆಡ್ಡಿಗೆ ತಾಗುವ ಜಾಗದಲ್ಲಿ ಒಂದು ಚೂರು ಫೆಲ್ಟ್ ಬಟ್ಟೆ ಇರುತ್ತದೆ. ನಮ್ಮ ಕಡೆಯ ತೇವಕ್ಕೆ ಮೊದಲು ಅಂಟು ಬಿಟ್ಟು ಉದುರುವುದೇ ಅದು. ಅದಿಲ್ಲದೆ ದನಿ ಮಂಕಾಗಿ, ಏರಿಳಿದು ಬರುತ್ತದೆ. ಚಿಪ್ಪಿಗೆ ಐದು ತಿರುಪು ಇದ್ದರೆ ಬಿಚ್ಚಿ, ಖಾಲಿ ಕ್ಯಾಸೆಟ್ಟಿನ ಫೆಲ್ಟ್ ಹಾಕಬಹುದು. ತಿರುಪಿಲ್ಲದೆ ಬೆಸೆದ ಚಿಪ್ಪಾದರೆ ಅಂಚಿನಲ್ಲಿ ಸೀಳಿ, ಸುರುಳಿಯನ್ನೇ ಬೇರೆ ಚಿಪ್ಪಿಗೆ ಹಾಕಬೇಕು. ಅದು ಅನುಭವಸ್ಥರ ಕೆಲಸ.

ಸರಿ ಇರುವುದನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ, ಬಿಗಿ ಸಮವಾಗಲಿ. ಪ್ರತಿ ಕ್ಯಾಸೆಟ್ಟಿಗೂ ಮುಂಚೆ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಲ್ಲಿ ಒರೆಸಿ. ಲೈನ್ ಔಟ್‌ನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು 24 ಬಿಟ್, 48 ಕಿಲೊಹರ್ಟ್ಸ್, ವೇವ್ ಕಡತವಾಗಿ ಇಳಿಸಿಕೊಳ್ಳಿ. ದನಿಯ ಏರು −6 ಡೆಸಿಬೆಲ್ ದಾಟದಿರಲಿ. ಸ್ಪೀಕರಿನ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿದ್ದು ಲೆಕ್ಕಕ್ಕಿಲ್ಲ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು. 90ರದ್ದರ ಟೇಪು ತೆಳು, ಸಿಕ್ಕಿಹಾಕಿಕೊಳ್ಳುವುದು ಹೆಚ್ಚು. ಅದು ಓಡುವಾಗ ಎದ್ದು ಹೋಗಬೇಡಿ.

ಹಿನ್ನೆಲೆಯ ಸದ್ದು ತೆಗೆಯುವ ತಂತ್ರಾಂಶವನ್ನು ಮೂಲ ಕಡತಕ್ಕೆ ಹಚ್ಚಬೇಡಿ. ಹಂಚಿನ ಮೇಲೆ ಬೀಳುವ ಮಳೆ, ಹಿಂದೆ ಕೂಗುವ ಕೋಳಿ, ಮಧ್ಯೆ ಅವರೇ "ತಡಿ, ಇನ್ನೊಮ್ಮೆ" ಎನ್ನುವುದು, ಎಲ್ಲವೂ ಆ ಮನೆಯದೇ.

ನಾಪೋಕ್ಲು ಸೊಸೆ

ಸಿಮ್ ರೀಚಾರ್ಜ್ ಆಯಿತು, ದನಿ ಸಂದೇಶ 400ಕ್ಕೂ ಹೆಚ್ಚು ಸಿಕ್ಕಿತು. ನಿಮ್ಮಿಬ್ಬರಿಂದ ತುಂಬ ಉಪಕಾರವಾಯಿತು. ಹಾಡುಗಳಲ್ಲಿ ಕೆಲವು ಕೊಡವ ತಕ್ಕಿನಲ್ಲಿ (ಕೊಡವರ ಭಾಷೆಯಲ್ಲಿ) ಇವೆ. ಕನ್ನಡ ಲಿಪಿಯಲ್ಲಿ ಬರೆದರೆ ಸಾಕೇ?

ಮಡಿಕೇರಿ ಕಡತ

ಬರೆಯಿರಿ, ಆದರೆ ಅದನ್ನೇ ನಂಬಬೇಡಿ. ಕೊಡವ ತಕ್ಕಿನ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲ, ಓದುವವರು ಕನ್ನಡದಂತೆಯೇ ಉಚ್ಚರಿಸಿಬಿಡುತ್ತಾರೆ. ಪುಸ್ತಕದಲ್ಲಿ ಪ್ರತಿ ಹಾಡಿನ ಪಕ್ಕ ಕಡತದ ಸಂಖ್ಯೆ ಹಾಕಿ, ದನಿಯನ್ನು ಪೆನ್‌ಡ್ರೈವಿನಲ್ಲಿ ಜೊತೆಗೆ ಕೊಡಿ.

ಇನ್ನು ಫೋಟೊ. ಅಂಟುಹಾಳೆಯ ಆಲ್ಬಂನಿಂದ ಕೀಳುವ ಮೊದಲು ಇಡೀ ಪುಟದ ಚಿತ್ರ ತೆಗೆದುಕೊಳ್ಳಿ; ಯಾವ ಫೋಟೊದ ಪಕ್ಕ ಯಾವುದನ್ನು ಇಟ್ಟಿದ್ದರು ಎಂಬುದು ಅತ್ತೆಯದೇ ಆಯ್ಕೆ. ಮೇಣ ಹಚ್ಚದ ಹಲ್ಲಿನ ದಾರವನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದು ಫೋಟೊದ ಹಿಂದೆ ಗರಗಸದಂತೆ ಆಡಿಸಿ. ಬಾರದಿದ್ದರೆ ಬಿಟ್ಟುಬಿಡಿ, ಪುಟದ ಸಮೇತ ಸ್ಕ್ಯಾನ್ ಮಾಡಿ. ಹೇರ್ ಡ್ರೈಯರ್ ಬೇಡ, ಅಂಟು ಕರಗಿ ಫೋಟೊದೊಳಕ್ಕೆ ಇಳಿಯುತ್ತದೆ.

ಮದುವೆ ಫೋಟೊವನ್ನು ಗಾಜಿನಿಂದ ಬಿಡಿಸಲೇಬೇಡಿ. ಫೋಟೊದ ಮೇಲ್ಪದರ ಜೆಲಟಿನ್, ತೇವಕ್ಕೆ ಮೆತ್ತಗಾಗಿ ಗಾಜು ಕಚ್ಚುತ್ತದೆ. ಎಳೆದರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಗಾಜಿನ ಹೊರಮೈ ಒರೆಸಿ, ಗಾಜಿನ ಮೂಲಕವೇ ಸ್ಕ್ಯಾನ್ ಮಾಡಿ. ಪ್ರಿಂಟಿಗೆ 600 ಡಿಪಿಐ, ನೆಗೆಟಿವ್ ಇದ್ದರೆ 2400ಕ್ಕೆ ಕಡಿಮೆ ಬೇಡ. ಮೂಲ ಕಡತ ಟಿಫ್ ಆಗಿರಲಿ, ಹಂಚಲು ಜೆಪೆಗ್. ಹಿಂಬದಿಯಲ್ಲಿ ಹೆಸರು ಬರೆಯಲು ಮೆದು ಪೆನ್ಸಿಲ್ ಬಳಸಿ. ಬಾಲ್ ಪೆನ್ನಿನ ಗೀರು ಮುಂದೆ ಮೂಡುತ್ತದೆ, ಶಾಯಿ ಎದುರು ಫೋಟೊಗೆ ಹತ್ತುತ್ತದೆ.

ವಿರಾಜಪೇಟೆ ಹೊಲಿಗೆ

ಬಟ್ಟೆಗೆ ಬರೋಣ. ಜನ ಪ್ರೀತಿಯಿಂದಲೇ ಹಾಳುಮಾಡುವುದು ಇದನ್ನು.

ಸೀರೆ ಕಪಾಟಿನಲ್ಲಿ ನುಸಿಗುಳಿಗೆ ಇದ್ದರೆ ತೆಗೆಯಿರಿ. ಜರಿಗೆ ತಾಗಿದರೆ ಕಪ್ಪು ಹಿಡಿಯುತ್ತದೆ, ವಾಸನೆಯಂತೂ ಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲವೂ ಬೇಡ. ಚೆನ್ನಾಗಿ ಒಗೆದು ಗಂಜಿ ಬಿಡಿಸಿದ ಬಿಳಿ ಮಲ್ ಬಟ್ಟೆಯಲ್ಲಿ ಒಂದೊಂದು ಸೀರೆ ಸುತ್ತಿಡಿ. ಒಣಗಿದ ಬೇವಿನೆಲೆ ಅಥವಾ ಲಾವಂಚದ ಬೇರನ್ನು ಪುಟ್ಟ ಚೀಲದಲ್ಲಿ ಕಟ್ಟಿ ಮೂಲೆಗಿಡಿ, ಸೀರೆಗೆ ತಾಗದಂತೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಹಳೆ ರೇಷ್ಮೆ ಸೀಳುವುದು ಮಡಿಕೆಯ ಗೆರೆಯಲ್ಲೇ.

ಕೊಡವ ಸೀರೆ ಉಡುಗೆಯಲ್ಲಿ ಇನ್ನೊಂದು ಜಾಗ ನೋಡಬೇಕು. ಸೆರಗಿನ ತುದಿಯನ್ನು ಬಲ ಹೆಗಲ ಮೇಲೆ ಪಿನ್ ಹಾಕಿ ನಿಲ್ಲಿಸುವುದರಿಂದ, ವರ್ಷಾನುಗಟ್ಟಲೆ ಒಂದೇ ಕಡೆ ತೂತು ಬಿದ್ದಿರುತ್ತದೆ, ಕೆಲವೊಮ್ಮೆ ತುಕ್ಕಿನ ಚುಕ್ಕೆಯೂ ಇರುತ್ತದೆ. ಹರಿದಿದ್ದರೆ ಹಿಂದಿನಿಂದ ಅದೇ ಬಣ್ಣದ ತೆಳು ರೇಷ್ಮೆ ತುಂಡು ಇಟ್ಟು ಉದ್ದುದ್ದ ಹೊಲಿಗೆ ಹಾಕಿ. ಅಂಟಿಸುವ ಕ್ಯಾನ್‌ವಾಸ್ ಬೇಡ. ಪುಸ್ತಕಕ್ಕೆ ಉಡುಗೆಯ ಚಿತ್ರ ತೆಗೆಯುವಾಗ ಬೆನ್ನಿನ ಕಡೆಯಿಂದಲೂ ತೆಗೆಯಿರಿ. ನೆರಿಗೆ ಇರುವುದೇ ಹಿಂದೆ, ಮುಂದಿನ ಚಿತ್ರ ಒಂದೇ ಇದ್ದರೆ ನೋಡಿ ಕಲಿಯಲು ಆಗುವುದಿಲ್ಲ.

ಕ್ರೋಶ ಒಗೆಯಬಹುದು. ಮೊದಲು ಬಣ್ಣ ಬಿಡುತ್ತದೆಯೇ ನೋಡಿ: ಒದ್ದೆ ಬಿಳಿ ಬಟ್ಟೆಯನ್ನು ಹಿಂಬದಿಯ ಮೂಲೆಗೆ ಐದು ನಿಮಿಷ ಒತ್ತಿ ಹಿಡಿಯಿರಿ. ಕೆಂಪು, ಕಡುನೀಲಿ ದಾರ ಹೆಚ್ಚಾಗಿ ಬಿಡುತ್ತದೆ. ಬಿಡದಿದ್ದರೆ ತಣ್ಣೀರಿಗೆ ಒಂದಿಷ್ಟು ಮೆದು ಸೋಪು ಹಾಕಿ ನೆನೆಸಿ, ಒತ್ತಿ ಒತ್ತಿ ತೊಳೆಯಿರಿ, ಹಿಂಡಬೇಡಿ. ಒದ್ದೆ ಕ್ರೋಶವನ್ನು ಎತ್ತಿ ಹಿಡಿದರೆ ತನ್ನ ಭಾರಕ್ಕೇ ಜಗ್ಗುತ್ತದೆ, ಅಂಗೈ ಮೇಲೆ ಎತ್ತಿ ಟವೆಲಿನ ಮೇಲೆ ಹರಡಿ, ತುಕ್ಕು ಹಿಡಿಯದ ಪಿನ್ನಿನಿಂದ ಆಕಾರಕ್ಕೆ ತಂದು ನೆರಳಲ್ಲಿ ಒಣಗಿಸಿ. 14ರಲ್ಲಿ ಒಂದನ್ನು ತೊಳೆಯದೆ ಹಾಗೇ ಇಡಿ. ದಾರದ ಮೂಲ ಬಣ್ಣ, ಗಂಜಿ, ಅವರ ಕೈಯ ಬಿಗಿ ಅದರಲ್ಲಿ ಉಳಿದಿರುತ್ತದೆ.

ಮಾಡಿದ ಬಗೆಯನ್ನೂ ಬರೆದಿಡಿ: ಸೂಜಿ ಎಷ್ಟು ಮಿಲಿಮೀಟರ್ (ಅವರ ಡಬ್ಬಿಯಲ್ಲೇ ಇರುತ್ತದೆ, ಹಿಡಿಯಲ್ಲಿ ಕೆತ್ತಿರುತ್ತದೆ), ನಡುವಿನ ಉಂಗುರದಲ್ಲಿ ಎಷ್ಟು ಸರಪಳಿ ಹೊಲಿಗೆ, ಪ್ರತಿ ಸುತ್ತಿಗೆ ಎಷ್ಟು ಕಂಬದ ಹೊಲಿಗೆ. ಹಿಂಬದಿಯನ್ನು ಭೂತಕನ್ನಡಿಯಲ್ಲಿ ನೋಡಿ ಎಣಿಸಬಹುದು. ಕೊನೆಯ ಸುತ್ತಿನಲ್ಲಿ ಎಣಿಕೆ ತಪ್ಪಿದ್ದರೆ ಸರಿಪಡಿಸಿ ಬರೆಯಬೇಡಿ, ಇದ್ದಂತೆ ಬರೆಯಿರಿ.

ಚೌಕಟ್ಟಿನ ಕಸೂತಿಗೆ ಬ್ಲೀಚಿಂಗ್ ಪುಡಿ, ನಿಂಬೆ ಉಪ್ಪು ಹಾಕಬೇಡಿ, ಕಂದು ಚುಕ್ಕೆ ಹೋದ ಜಾಗದಲ್ಲಿ ತೂತು ಉಳಿಯುತ್ತದೆ. ಹಿಂದಿನ ರಟ್ಟು ತೆಗೆದು ಎಸೆಯಿರಿ, ಕಲೆಗೆ ಅರ್ಧ ಕಾರಣ ಅದರ ಆಮ್ಲವೇ. ಒಗೆದ ಹತ್ತಿ ಬಟ್ಟೆಗೆ ಕಸೂತಿಯನ್ನು ಹೊಲಿದು, ಆಮ್ಲವಿಲ್ಲದ ರಟ್ಟಿನ ಮೇಲೆ ಎಳೆದು ಕಟ್ಟಿ. ಗಾಜು ಬಟ್ಟೆಗೆ ತಾಗದಂತೆ ನಡುವೆ ಅಂಚುಪಟ್ಟಿ ಇರಲಿ. ಹೊರಗೋಡೆಗೆ ತೂಗುಹಾಕಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆ ಬೆವರುತ್ತದೆ. ಒಳಗೋಡೆಗೇ ಹಾಕಿ, ಚೌಕಟ್ಟಿನ ಕೆಳಮೂಲೆಗಳ ಹಿಂದೆ ಎರಡು ಕಾರ್ಕ್ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ.

ನಾಪೋಕ್ಲು ಸೊಸೆ

ಕಪಾಟಿನಲ್ಲಿ ಬಲ್ಬ್ ಉರಿಸಿಡುವುದು ಇಲ್ಲಿ ವಾಡಿಕೆ. ಸೀರೆ ಇರುವ ಕಡೆ ಮಾಡಬಹುದೇ ಅಕ್ಕ? ಇಲ್ಲವೇ ಒಲೆಯ ಮೇಲಿನ ಅಟ್ಟದಲ್ಲಿಡಲೇ?

ವಿರಾಜಪೇಟೆ ಹೊಲಿಗೆ

ಎರಡೂ ಬೇಡ. ಎಲ್‌ಇಡಿ ಬಲ್ಬ್ ಅಷ್ಟಾಗಿ ಬಿಸಿಯಾಗುವುದಿಲ್ಲ, ಹಳೆ ತಂತಿಯ ಬಲ್ಬ್ ಬಟ್ಟೆಗೆ ತಾಗಿದರೆ ಬೆಂಕಿ. ಕರೆಂಟು ಹೋದಾಗ ಕಪಾಟು ತಣ್ಣಗಾಗಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಅಟ್ಟ ಒಣ ನಿಜ, ಆದರೆ ಹೊಗೆಯ ಮಸಿ ಜರಿಯಲ್ಲಿ ಕೂತರೆ ಬಿಡುವುದಿಲ್ಲ. ಸೀರೆಯನ್ನು ಒಳಕೋಣೆಯ ಮರದ ಕಪಾಟಿನಲ್ಲಿ, ನೆಲದಿಂದ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ.

ಕಸೂತಿ, ಫೋಟೊ, ನೋಟ್‌ಬುಕ್ ಇಡಲು ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬಿ ಒಳ್ಳೆಯದು. 20 ಲೀಟರ್ ಡಬ್ಬಿಗೆ 250 ಗ್ರಾಂ ಸಿಲಿಕಾ ಜೆಲ್, ಬಣ್ಣ ಬದಲಾಗುವ ಬಗೆಯದು. ಬಟ್ಟೆ ಚೀಲದಲ್ಲಿ ಕಟ್ಟಿ ಹಾಕಿ. ನೀಲಿ ಇದ್ದದ್ದು ಗುಲಾಬಿಯಾದರೆ ನೀರು ತುಂಬಿತೆಂದು ಅರ್ಥ. ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ಓವನ್ನಿನಲ್ಲಿ ಅದೇ ಹೊತ್ತಿಗೆ ಅಡುಗೆ ಬೇಡ. ವಸ್ತುಗಳನ್ನು ಏಪ್ರಿಲ್, ಮೇ ತಿಂಗಳ ಬಿಸಿಲಿನ ದಿನ ನೆರಳಲ್ಲಿ ಗಾಳಿಗೆ ಹರಡಿ, ಒಣಗಿದ ಮೇಲೆ ಡಬ್ಬಿಗೆ ಹಾಕಿ. ತೇವವಿರುವುದನ್ನು ಬಿಗಿ ಡಬ್ಬಿಯಲ್ಲಿ ಮುಚ್ಚಿದರೆ ಬೂಷ್ಟಿಗೆ ನಾವೇ ಮನೆ ಕಟ್ಟಿಕೊಟ್ಟಂತೆ.

ಪೊನ್ನಂಪೇಟೆ ಅಡುಗೆಮನೆ

ನೋಟ್‌ಬುಕ್ಕನ್ನು ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ, ಆ ಬಿಸಿ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗುವುದಿಲ್ಲ. ಮೆದು ಬ್ರಷ್ಷಿನಲ್ಲಿ ಪುಟಪುಟದ ನಡುವಿನ ಹುಳು, ಪುಡಿ ಗುಡಿಸಿ. ಮಾಸಿದ ಪೆನ್ಸಿಲ್ ಬರಹವಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಚಿತ್ರ ತೆಗೆಯಿರಿ, ಒತ್ತಿ ಬರೆದ ಗುರುತು ನೆರಳಾಗಿ ಮೂಡುತ್ತದೆ. ಅರಿಸಿನದ ಬೆರಳಚ್ಚು ಇದ್ದರೆ ಉಜ್ಜಬೇಡಿ. ಯಾವ ಪುಟದಲ್ಲಿ ಕಲೆ ಹೆಚ್ಚೋ ಆ ಅಡುಗೆ ಹೆಚ್ಚು ಮಾಡುತ್ತಿದ್ದರು.

ಕಷ್ಟ ಇರುವುದು ಬರೆಯದೆ ಬಿಟ್ಟದ್ದರಲ್ಲಿ. ಅವರು ಬರೆದದ್ದು ತಮಗಾಗಿ. ತಮಗೆ ಗೊತ್ತಿದ್ದದ್ದನ್ನು ಯಾರೂ ಬರೆದುಕೊಳ್ಳುವುದಿಲ್ಲ. "ಬೈಂಬಳೆ ಕರಿ" ಎಂದು ಮಸಾಲೆ ಮಾತ್ರ ಬರೆದಿರುತ್ತಾರೆ. ಬೈಂಬಳೆ ಎಂದರೆ ಎಳೆ ಬಿದಿರು ಕಳಲೆ, ಅದರಲ್ಲಿ ಸಯನೈಡ್ ಬಿಡುವ ಅಂಶವಿದೆ. ಹೆಚ್ಚಿ ನೀರಲ್ಲಿ ಹಾಕಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ಇಟ್ಟು, ಬೇಯಿಸಿ ಆ ನೀರು ಚೆಲ್ಲಬೇಕು. ಬೆಂಗಳೂರಲ್ಲಿ ಬೆಳೆದ ಮೊಮ್ಮಗಳಿಗೆ ಇದು ಗೊತ್ತಿರುವುದಿಲ್ಲ, ಪುಸ್ತಕದಲ್ಲಿ ಸೇರಿಸಲೇಬೇಕು. ಕಾಡಣಬೆಯ ಅಡುಗೆ ಇದ್ದರೆ ಅಣಬೆ ಗುರುತಿಸುವವರ ಜೊತೆ ಕೂತು ಬರೆಯಿರಿ, ಇಲ್ಲವಾದರೆ ಆ ಪುಟ ಅಚ್ಚು ಹಾಕಬೇಡಿ.

ಅಳತೆಗೆ ಬನ್ನಿ. "ಒಂದು ಲೋಟ" ಎಂದರೆ ಅವರ ಲೋಟ. ಅದು ಇನ್ನೂ ಮನೆಯಲ್ಲಿರುತ್ತದೆ, ಹುಡುಕಿ. ಅಕ್ಕಿತರಿಯನ್ನು ಮೂರು ಸಲ ತುಂಬಿ, ಕುಟ್ಟದೆ ಮೇಲ್ಮೈ ಸವರಿ, ಮೂರು ಸಲವೂ ತೂಗಿ ಸರಾಸರಿ ಬರೆದಿಡಿ. ಆಮೇಲೆ ಅವರ ಜೊತೆ ಅಡುಗೆ ಮಾಡಿದವರನ್ನು, ತಂಗಿಯನ್ನೋ ಮಗಳನ್ನೋ, ಅದೇ ಅಡುಗೆಮನೆಯಲ್ಲಿ ಮಾಡಲು ಹೇಳಿ. ಅವರು ಚಿಟಿಕೆ, ಹಿಡಿ ಎಂದು ಹಾಕುವಾಗ ತಡೆಯಬೇಡಿ. ಉಪ್ಪಿನ ಡಬ್ಬಿ, ಖಾರದ ಡಬ್ಬಿ, ಎಣ್ಣೆ ಬಾಟಲಿಯನ್ನು ಅಡುಗೆಗೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತೂಗಿ. ಕಡಿಮೆಯಾದದ್ದೇ ಹಾಕಿದ್ದು.

ಕಡಂಬುಟ್ಟಿನಲ್ಲಿ (ಹಬೆಯಲ್ಲಿ ಬೇಯಿಸುವ ಅಕ್ಕಿತರಿಯ ಉಂಡೆ) ತರಿ ಒಂದಕ್ಕೆ ನೀರು ಎರಡರಿಂದ ಎರಡೂವರೆ. ಎಷ್ಟು ಎಂಬುದನ್ನು ತರಿಯ ಒರಟುತನ ಹೇಳುತ್ತದೆ, ಹಾಗಾಗಿ ತರಿ ಎಲ್ಲಿಯದು, ಮನೆಯಲ್ಲಿ ಒಡೆದದ್ದೋ ಅಂಗಡಿಯದೋ ಬರೆಯಿರಿ. ನುಣ್ಣಗಿದ್ದರೆ ಗಂಟಾಗಿ ಅಂಟು ಬರುತ್ತದೆ. ತಣ್ಣಗಾದ ಮೇಲೆ ಉಂಡೆ ಕಟ್ಟಿದರೆ ಹಬೆಯಲ್ಲಿ ಬಿರಿಯುತ್ತದೆ, ಕೈ ತಾಳುವಷ್ಟು ಬಿಸಿಯಲ್ಲೇ ಕಟ್ಟಬೇಕು. ಉಂಡೆಯ ತೂಕ, ಹಬೆಯ ನಿಮಿಷ (ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು) ಎರಡನ್ನೂ ಬರೆದುಕೊಳ್ಳಿ.

ಪಂದಿ ಕರಿಯಲ್ಲಿ (ಹಂದಿ ಮಾಂಸದ ಅಡುಗೆ) ಎಡವುವುದು ಕಾಚಂಪುಳಿಯಲ್ಲಿ, ಅಂದರೆ ಹುಳಿಹಣ್ಣಿನ ರಸ ಕುದಿಸಿ ಇಳಿಸುವ ಹುಳಿಯಲ್ಲಿ. ಮನೆಯಲ್ಲಿ ಕುದಿಸಿ ಇಳಿಸಿದ್ದು ಕಪ್ಪಗೆ, ಜೇನಿನ ಹಾಗೆ ದಪ್ಪ. ಅಂಗಡಿಯದು ಎಷ್ಟೋ ಸಲ ನೀರು. ನೋಟ್‌ಬುಕ್ಕಿನ "ಒಂದು ಚಮಚ" ಮನೆಯದ್ದರ ಲೆಕ್ಕ. ಪುಸ್ತಕದಲ್ಲಿ ಹೀಗೆ ಬರೆಯಿರಿ: ಚಮಚದಿಂದ ದಾರದಂತೆ ಇಳಿಯುವ ದಪ್ಪದ್ದಾದರೆ ಇಷ್ಟು, ತೆಳುವಾದರೆ ಒಂದು ಚಮಚದಿಂದ ಶುರುಮಾಡಿ ರುಚಿ ನೋಡಿ ಹೆಚ್ಚಿಸಿ, ಮಾಂಸ ಬೆಂದ ಮೇಲೆ ಕೊನೆಯಲ್ಲೇ ಹಾಕಿ. ಮಸಾಲೆ ಹುರಿದ ಬಣ್ಣವನ್ನು ಮಾತಲ್ಲಿ ಹೇಳಲು ಹೋಗಬೇಡಿ, ಹಗಲು ಬೆಳಕಲ್ಲಿ ಬಿಳಿ ತಟ್ಟೆಯ ಮೇಲೆ ಹಾಕಿ ಫೋಟೊ ತೆಗೆಯಿರಿ.

ಕಾಲಕ್ಕೆ ಕಟ್ಟುಬಿದ್ದ ಅಡುಗೆಗಳ ದಿನ ಈಗಲೇ ಗುರುತು ಹಾಕಿಕೊಳ್ಳಿ. ಮದ್ದ್ ಸೊಪ್ಪಿನ (ಔಷಧಿ ಸೊಪ್ಪು) ಪಾಯಸದ ಆ ಕಡುನೇರಳೆ ಬಣ್ಣ ಆಗಸ್ಟ್ ಮೊದಲ ವಾರ, ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18ರ ಹೊತ್ತಿಗೆ ಬಿಟ್ಟರೆ ಸಿಗದು. ತಂಬುಟ್ಟಿಗೆ ಸುಗ್ಗಿಯ ಹಬ್ಬ ಪುತ್ತರಿ ಬರಬೇಕು, ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಅದು ತೀರ ಹತ್ತಿರ. ಆ ಪುಟ ಖಾಲಿ ಬಿಟ್ಟುಕೊಳ್ಳಿ.

ಗೋಣಿಕೊಪ್ಪ ಬರಹ

ಜೀವನಚಿತ್ರದ ಭಾಗಕ್ಕೆ ಒಂದೆರಡು ಮಾತು. ಹೆಸರಿನಿಂದ ಶುರುಮಾಡಿ. ಮದುವೆಯಾದ ಮೇಲೆ ಗಂಡನ ಮನೆಪೆದ (ಮನೆತನದ ಹೆಸರು) ಬಂದಿರುತ್ತದೆ, ತಾಮನೆಯ (ತವರಿನ) ಹೆಸರು ಬರಬರುತ್ತ ಯಾರಿಗೂ ನೆನಪಿರುವುದಿಲ್ಲ. ಎರಡನ್ನೂ, ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೂ ಬರೆಯಿರಿ. ಫೋಟೊದ ಕೆಳಗೆ "ಶ್ರೀಮತಿ ಇಂಥವರು" ಎಂದು ಗಂಡನ ಹೆಸರು ಹಾಕಿ ನಿಲ್ಲಿಸಬೇಡಿ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ನಿದರ್ಶನವಿದೆ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಗೌರಮ್ಮ ಕತೆ ಬರೆದದ್ದು 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಲ್ಲಿ. 1939ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ ನೀರಿನಲ್ಲಿ ಮುಳುಗಿ ಹೋದರು. ಗಂಡ, ಎಳೆಯ ಮಗ ಉಳಿದರು. 'ಕಂಬನಿ', 'ಚಿಗುರು' ಸಂಕಲನಗಳು ಬಂದದ್ದು ಅವರು ಇಲ್ಲವಾದ ಮೇಲೆ. ಇವತ್ತು ನಾವು ಕೊಡಗಿನ ಗೌರಮ್ಮ ಎನ್ನುತ್ತೇವೆ, ಅವರದೇ ಹೆಸರಲ್ಲಿ. ನಿಮ್ಮ ಅತ್ತೆಯ ಬರಹ, ಹಾಡು ಸಂಘದ ಸಂಚಿಕೆಯಲ್ಲೋ ಶಾಲೆಯ ಸ್ಮರಣ ಸಂಚಿಕೆಯಲ್ಲೋ ಬಂದಿರಬಹುದು, ಯಾವ ಹೆಸರಲ್ಲಿ ಅಚ್ಚಾಗಿದೆ ಎಂಬುದನ್ನೂ ಸೇರಿಸಿ ಹುಡುಕಿ.

ನೆಂಟರನ್ನು ಮಾತಾಡಿಸುವಾಗ "ಅವರು ಹೇಗಿದ್ದರು?" ಎಂದು ಕೇಳಿದರೆ "ತುಂಬಾ ಒಳ್ಳೆಯವರು" ಎಂಬುದೇ ಉತ್ತರ. ಕ್ರೋಶದ ಹಾಸೊಂದನ್ನು ಕೈಗೆ ಕೊಟ್ಟು "ಇದನ್ನು ಯಾವಾಗ, ಯಾರಿಗಾಗಿ ಮಾಡಿದ್ದು? ದಾರ ಎಲ್ಲಿಂದ ತಂದರು? ಯಾವ ಹೊತ್ತಿನಲ್ಲಿ ಕೂತು ಹೆಣೆಯುತ್ತಿದ್ದರು?" ಎಂದು ಕೇಳಿ. ಇಸವಿ ಗೊತ್ತಿಲ್ಲದವರಿಗೆ ಗುರುತಿನ ಕಂಬ ಕೊಡಿ: 1956ರ ನವೆಂಬರಿನಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರುವ ಮುಂಚೆಯೋ ಆಮೇಲೋ, 2018ರ ಆಗಸ್ಟಿನ ಭೂಕುಸಿತಕ್ಕೆ ಮೊದಲೋ ನಂತರವೋ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಹಾಕಿ. ಮಾವನನ್ನು ಒಂದೇ ದಿನ ಕೂರಿಸಿ ಮುಗಿಸಬೇಡಿ. ನಲವತ್ತು ನಿಮಿಷ ಸಾಕು, ಮಿಕ್ಕದ್ದು ಇನ್ನೊಂದು ದಿನ.

ಕುಶಾಲನಗರ ಅಚ್ಚು

ಮುದ್ರಣದ ಬಗ್ಗೆ ಚುಟುಕಾಗಿ. ಪುಟಗಳು 16ರ ಮಡಿಯಲ್ಲಿರಲಿ, 64 ಅಥವಾ 80. ಅಂಟು ಬೈಂಡಿಂಗ್ ಬೇಡ, ದಾರದ ಹೊಲಿಗೆ ಹಾಕಿಸಿ. ಅಡುಗೆಮನೆಯಲ್ಲಿ ಬಿಚ್ಚಿಡುವ ಪುಸ್ತಕ ಇದು. ರಕ್ಷಾಪುಟಕ್ಕೆ ಒಂದೇ ಬದಿ ಲ್ಯಾಮಿನೇಶನ್ ಮಾಡಿದರೆ ಮಳೆಗಾಲದಲ್ಲಿ ಇನ್ನೊಂದು ಬದಿ ತೇವ ಕುಡಿದು ಸುರುಳಿ ಸುತ್ತುತ್ತದೆ, ಬಟ್ಟೆಯ ರಟ್ಟು ಹಾಕಿಸಿ. 600 ಡಿಪಿಐಗೆ ಸ್ಕ್ಯಾನ್ ಮಾಡಿದ ಫೋಟೊವನ್ನು ಎರಡರಷ್ಟು ಹಿಗ್ಗಿಸಿದರೂ ಅಚ್ಚು ಚೆನ್ನಾಗಿ ಬರುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆ ಅಕ್ಷರದಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡಿಗೆ ತಂದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲುಸಾಲಾಗಿ ನೋಡಿ, ಕೆಡುವುದು ಅಲ್ಲೇ. ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶವಾದರೆ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಳ್ಳದಿದ್ದರೆ ಒತ್ತು ಕೆಳಗೆ ಕೂರುವುದಿಲ್ಲ.

ಅಮ್ಮತ್ತಿ ಹೂದೋಟ

ಹೈಡ್ರೇಂಜಿಯಾ ಮರೆಯಬೇಡಿ. ಜೂನ್ ಮೊದಲ ಮಳೆಗೆ ಹೂ ಬಿಡದ ಕೊಂಬೆಯಿಂದ ನಾಲ್ಕೈದು ಅಂಗುಲದ ಕಡ್ಡಿ, ಗೆಣ್ಣಿನ ಕೆಳಗೇ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮೇಲಿನ ದೊಡ್ಡ ಎಲೆಯನ್ನು ಅರ್ಧಕ್ಕೆ ಕತ್ತರಿಸಿ, ಮರಳು ಮತ್ತು ಎಲೆಗೊಬ್ಬರ ಸಮ ಬೆರೆಸಿದ ಚೀಲದಲ್ಲಿ ನೆಡಿ. ಸೂರಿನ ನೀರು ಬೀಳುವಲ್ಲಿ ಇಟ್ಟರೆ ಕೊಳೆಯುತ್ತದೆ. ಜನವರಿಗೆ ಬಂದವರ ಕೈಗೆ ಪುಸ್ತಕದ ಜೊತೆ ಒಂದೊಂದು ಗಿಡ ಕೊಡಬಹುದು.

ಜೊತೆಗೆ ಒಂದು ಚೀಟಿ ಇರಲಿ. ನಮ್ಮ ಹುಳಿಮಣ್ಣಿಗೆ ಅದು ನೀಲಿ. ಸುಣ್ಣ ಹೆಚ್ಚಿರುವ ಬೋರ್‌ವೆಲ್ ನೀರಿಗೆ, ಹೊಸ ಸಿಮೆಂಟ್ ಕುಂಡಕ್ಕೆ ಹೋದರೆ ಎರಡು ವರ್ಷದಲ್ಲಿ ಗುಲಾಬಿಯಾಗುತ್ತದೆ. ಗಿಡ ಬೇರೆಯದೆಂದು ಕಿತ್ತೆಸೆದಾರು. ಮಣ್ಣಿನ ಕುಂಡ, ಮಳೆನೀರು, ವರ್ಷಕ್ಕೆರಡು ಸಲ ಅಲ್ಯೂಮಿನಿಯಂ ಸಲ್ಫೇಟ್ (ಲೀಟರಿಗೆ ಒಂದು ಸಣ್ಣ ಚಮಚ) ಕೊಟ್ಟರೆ ನೀಲಿ ಮರಳುತ್ತದೆ.

ನಾಪೋಕ್ಲು ಸೊಸೆ

ಲೋಟ ಸಿಕ್ಕಿತು. ಅಕ್ಕಿ ಡ್ರಮ್ಮಿನೊಳಗೇ ಇತ್ತು, ಹಿತ್ತಾಳೆಯದು, ಅಂಚು ಒಂದು ಕಡೆ ನೆಗ್ಗಿದೆ. ಮೂರು ಸಲ ತೂಗಿದೆವು: 164, 167, 165 ಗ್ರಾಂ. ಕಡಂಬುಟ್ಟಿನ ಪುಟವನ್ನು ಹೀಗೆ ಹಾಕುವುದೆಂದು ಮಾವ ಹೇಳಿದ್ದಾರೆ: ಮೇಲೆ ಅತ್ತೆಯ ಕೈಬರಹದ ಚಿತ್ರ, "ತರಿ 1 ಲೋಟ, ನೀರು 2 ಲೋಟ ಮೇಲೆ ಸ್ವಲ್ಪ", ಕೆಳಗೆ ನೆಗ್ಗಿದ ಅಂಚು ಕಾಣುವಂತೆ ಲೋಟದ ಫೋಟೊ, ಅದರ ಅಡಿಯಲ್ಲಿ 165 ಗ್ರಾಂ. "ಸ್ವಲ್ಪ" ಎಷ್ಟೆಂದು ತಿಳಿಯಲು ಭಾನುವಾರ ಅತ್ತೆಯ ತಂಗಿ ಬರುತ್ತಿದ್ದಾರೆ.